ತಡರಾತ್ರಿಯ ನಗು, ಅಪ್ಪನ ಪ್ರೂಫ್ ಹಾಳೆ

"ದೊಡ್ಡಮ್ಮ, ನೀವು ಬರೆದಿರೋದ್ರಲ್ಲಿ ತಪ್ಪೇನಿಲ್ಲ. ಆದ್ರೂ ಅದನ್ನ ತೆಗೆದುಬಿಡಿ. ಆಗಲ್ಲ ಅಂದ್ರೆ ನನ್ನ ಟ್ಯಾಗ್ ಆದ್ರೂ ತೆಗೀರಿ, ಪ್ಲೀಸ್."

2025ರ ಸೆಪ್ಟೆಂಬರ್ 18, ಗುರುವಾರ. ನಮ್ಮ ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಏಳೂವರೆ, ತಂಗಿಯ ಮಗ ಇರುವ ಡಲ್ಲಾಸ್ ಕಡೆ ಆರೂವರೆ. ಎಂಟಕ್ಕೆ ಮುಂಚೆ ಹಾಸಿಗೆ ಬಿಡದ ಹುಡುಗ ಅಷ್ಟು ಬೇಗ ಫೋನ್ ಮಾಡಿದ್ದಾನೆ ಎಂದರೆ ಊರಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡೇ ಎತ್ತಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಊರಲ್ಲಿ ಎಲ್ಲರೂ ಚೆನ್ನಾಗಿದ್ದರು. ಅವನ ನಿದ್ದೆಗೆಡಿಸಿದ್ದು ಹಿಂದಿನ ರಾತ್ರಿ ನಾನು ಫೇಸ್‌ಬುಕ್‌ನಲ್ಲಿ ಹಾಕಿದ್ದ ನಾಲ್ಕು ಸಾಲು.

ಎಬಿಸಿ ಎಂಬ ವಾಹಿನಿ ಜಿಮ್ಮಿ ಕಿಮ್ಮೆಲ್ ಅವರ ತಡರಾತ್ರಿಯ ಹಾಸ್ಯದ ಶೋ ನಿಲ್ಲಿಸಿದ ರಾತ್ರಿ ಅದು. ಆ ನಾಲ್ಕು ಸಾಲು ಇವು: "ಜಿಮ್ಮಿ ಕಿಮ್ಮೆಲ್ ಆಡಿದ ಮಾತು ನನಗೆ ಹಿಡಿಸಲಿಲ್ಲ. ಆದರೆ ಆ ಮಾತಿಗಾಗಿ ಸರ್ಕಾರದ ಅಧಿಕಾರಿ ಟಿವಿ ಕಂಪನಿಯನ್ನು ಬೆದರಿಸುವುದು ದೊಡ್ಡ ತಪ್ಪು. ಇದನ್ನು ನಾನು ಹದಿನಾಲ್ಕನೇ ವಯಸ್ಸಿನಲ್ಲಿ ನಮ್ಮ ಮನೆಯಲ್ಲೇ ನೋಡಿದ್ದೇನೆ. ಮತ್ತೆ ನೋಡಲು ಮನಸ್ಸಿಲ್ಲ." ಜೊತೆಗೆ ಅಪ್ಪನ ಒಂದು ಹಳೆಯ ಫೋಟೋ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮೇಜಿನ ಮೇಲೆ ಬಗ್ಗಿ ಪ್ರೂಫ್ ನೋಡುತ್ತಿರುವ ಫೋಟೋ. ತಾತನ ಫೋಟೋ ಅಂತ ಮೊಮ್ಮಕ್ಕಳನ್ನೆಲ್ಲ ಟ್ಯಾಗ್ ಮಾಡಿದ್ದೆ. ಅಷ್ಟೇ ನಾನು ಮಾಡಿದ್ದು.

"ಯಾಕೋ ಮರಿ, ಇದರಲ್ಲಿ ನಿನಗೇನು ತೊಂದರೆ?" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀವು ಸಿಟಿಜನ್, ದೊಡ್ಡಮ್ಮ. ನಾನಲ್ಲ" ಅಂದ.

ಅವತ್ತಿನಿಂದ ಆ ಮಾತು ತಲೆಯಲ್ಲಿ ಕೂತಿದೆ. ಒಬ್ಬ ಟಿವಿ ನಟನ ಗಲಾಟೆಗೆ ನೀನ್ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀಯ ಎಂದು ಕೇಳುವ ಬೆಂಗಳೂರಿನ ನನ್ನ ಗೆಳತಿಯರಿಗಾಗಿಯೂ, ಫೋನಿನಲ್ಲಿ ಅವನಿಗೆ ಹೇಳಲಾಗದೆ ಉಳಿದದ್ದಕ್ಕಾಗಿಯೂ ಇದನ್ನು ಬರೆಯುತ್ತಿದ್ದೇನೆ.

ನಾವು ಈ ದೇಶಕ್ಕೆ ಬಂದದ್ದು 1988ರಲ್ಲಿ. ನನ್ನ ಯಜಮಾನರಿಗೆ ಇಂಗ್ಲಿಷ್ ಬರುತ್ತಿತ್ತು, ಅಮೆರಿಕದ ಇಂಗ್ಲಿಷ್ ಬರುತ್ತಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ನಕ್ಕಾಗ ಯಾಕೆ ನಕ್ಕರು ಎಂದು ತಿಳಿಯದೆ ಮನೆಗೆ ಬಂದು ಬೇಜಾರು ಮಾಡಿಕೊಳ್ಳುತ್ತಿದ್ದರು. ಆಗ ಅವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು, ರಾತ್ರಿ ಹನ್ನೊಂದೂವರೆಗೆ ಟಿವಿಯಲ್ಲಿ ಜಾನಿ ಕಾರ್ಸನ್ ಹಾಸ್ಯದ ಶೋ ನೋಡು, ಈ ದೇಶ ಅರ್ಥವಾಗುತ್ತದೆ ಎಂದರಂತೆ. ಮಗು ಮಲಗಿದ ಮೇಲೆ ಟಿವಿ ಸದ್ದು ಕಡಿಮೆ ಮಾಡಿ ಇಬ್ಬರೂ ಚಾಪೆ ಮೇಲೆ ಕೂತು ನೋಡುತ್ತಿದ್ದೆವು. ಮೊದಮೊದಲು ಏನೂ ಗೊತ್ತಾಗುತ್ತಿರಲಿಲ್ಲ. ಒಂದು ವರ್ಷವಾದ ಮೇಲೆ ಹತ್ತು ಜೋಕಿನಲ್ಲಿ ಆರು ಗೊತ್ತಾಗತೊಡಗಿದವು. ಆಗ ರೇಗನ್ ಅಧ್ಯಕ್ಷರು, ಆಮೇಲೆ ದೊಡ್ಡ ಬುಷ್. ದಿನಾ ರಾತ್ರಿ ದೇಶದ ಅಧ್ಯಕ್ಷರನ್ನೇ ಆಡಿಕೊಳ್ಳುವುದು, ಮರುದಿನ ಸೂಟು ಹಾಕಿಕೊಂಡು ಆರಾಮವಾಗಿ ಮತ್ತೆ ಬಂದು ನಿಲ್ಲುವುದು! ಬೆಂಗಳೂರಿನ ನಮ್ಮಿಬ್ಬರಿಗೆ ಈ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಅಚ್ಚರಿ ತಂದದ್ದು ಅದೇ. ಎತ್ತರದ ಕಟ್ಟಡಗಳಿಗೆ ಬೇಗ ಒಗ್ಗಿಕೊಂಡೆವು, ಇದಕ್ಕೆ ಬಹಳ ದಿನ ಹಿಡಿಯಿತು. 1992ರ ಮೇ ತಿಂಗಳಲ್ಲಿ ಕಾರ್ಸನ್ ಮೂವತ್ತು ವರ್ಷದ ಶೋ ಮುಗಿಸಿ ಹೋದಾಗ ನಮ್ಮವರು ಕೊನೆಯ ಸಂಚಿಕೆಯನ್ನು ಕ್ಯಾಸೆಟ್‌ಗೆ ಇಳಿಸಿಕೊಂಡಿದ್ದರು. ಅವರು ಹೋಗಿ ಆರು ವರ್ಷವಾಯಿತು. ಆ ಕ್ಯಾಸೆಟ್ ಇನ್ನೂ ಬೇಸ್‌ಮೆಂಟಿನಲ್ಲಿದೆ.

ಈಗ ನಡೆದದ್ದನ್ನು ಹೇಳುತ್ತೇನೆ, ಯಾಕೆಂದರೆ ವಾಟ್ಸಾಪಿನಲ್ಲಿ ಅರ್ಧ ಅರ್ಧ ಓಡಾಡುತ್ತಿದೆ.

ಸೆಪ್ಟೆಂಬರ್ 10ರಂದು ಯೂಟಾ ರಾಜ್ಯದ ಓರೆಮ್‌ನಲ್ಲಿ, ಕಾಲೇಜು ಹುಡುಗರೊಡನೆ ಬಯಲಿನಲ್ಲಿ ಕೂತು ವಾದ ಮಾಡುತ್ತಿದ್ದ ಚಾರ್ಲಿ ಕರ್ಕ್ ಅವರನ್ನು ಗುಂಡಿಟ್ಟು ಕೊಂದರು. ಮೂವತ್ತೊಂದು ವರ್ಷ. ಇಬ್ಬರು ಪುಟ್ಟ ಮಕ್ಕಳು. ಅವರು ಟ್ರಂಪ್ ಪಾಳೆಯದ ದೊಡ್ಡ ಯುವ ನಾಯಕ. ಹದಿನೆಂಟನೇ ವಯಸ್ಸಿನಲ್ಲೇ ಸಂಘಟನೆ ಕಟ್ಟಿದವರು. ಸಾಯುವುದಕ್ಕೆ ಎಂಟು ದಿನ ಮುಂಚೆ, ಭಾರತದಿಂದ ಬರುವವರಿಗೆ ಅಮೆರಿಕ ಇನ್ನು ವೀಸಾ ಕೊಡಬೇಕಾಗಿಲ್ಲ, ಸಾಕು, ನಮ್ಮಲ್ಲಿ ಜಾಗವಿಲ್ಲ ಎಂದು ಬರೆದಿದ್ದರು. ಅದನ್ನು ಓದಿ ನನಗೆ ತುಂಬ ನೋವಾಗಿತ್ತು. ಆದರೆ ಸುದ್ದಿ ಬಂದ ಸಂಜೆ ನಾನು ದೇವರ ಮುಂದೆ ದೀಪ ಹಚ್ಚಿ ಆ ಎರಡು ಮಕ್ಕಳಿಗಾಗಿ ಕೈ ಮುಗಿದೆ. ಮಾತಿಗೆ ಗುಂಡು ಉತ್ತರವಾಗುವ ದೇಶದಲ್ಲಿ ಯಾರ ಮಕ್ಕಳೂ ನೆಮ್ಮದಿಯಾಗಿ ಇರಲಾರರು. ಅವರ ಸಾವಿಗೆ ಖುಷಿಪಟ್ಟವರನ್ನು ನನ್ನ ಪಟ್ಟಿಯಿಂದ ತೆಗೆದುಹಾಕಿದ್ದೇನೆ, ನಮ್ಮ ಕನ್ನಡದವರೇ ಇಬ್ಬರನ್ನೂ ಸೇರಿಸಿ.

ಸೆಪ್ಟೆಂಬರ್ 15ರ ಸೋಮವಾರ ರಾತ್ರಿ ಎಬಿಸಿ ವಾಹಿನಿಯಲ್ಲಿ ಜಿಮ್ಮಿ ಕಿಮ್ಮೆಲ್ ತಮ್ಮ ಶೋನಲ್ಲಿ, ಕೊಂದ ಹುಡುಗ ತಮ್ಮವನಲ್ಲ ಎಂದು ತೋರಿಸಲು ಟ್ರಂಪ್ ಬೆಂಬಲಿಗರು ಹೆಣಗುತ್ತಿದ್ದಾರೆ, ಈ ಸಾವಿನಲ್ಲೂ ರಾಜಕೀಯ ಲಾಭ ಹುಡುಕುತ್ತಿದ್ದಾರೆ ಎಂಬರ್ಥದ ಮಾತಾಡಿದರು. ಆ ಹುಡುಗ ಟ್ರಂಪ್ ಕಡೆಯವನೇ ಎಂಬ ಧ್ವನಿ ಅದರಲ್ಲಿತ್ತು. ಮರುದಿನ ಕೋರ್ಟಿಗೆ ಹೋದ ಕಾಗದಗಳಲ್ಲಿ, ಮಗ ಈಚೆಗೆ ಎಡಪಂಥದ ಕಡೆ ವಾಲಿದ್ದ ಎಂದು ತಾಯಿ ಹೇಳಿದ್ದಾಗಿ ಇತ್ತು. ಅಂದರೆ ಕಿಮ್ಮೆಲ್ ಅವಸರಪಟ್ಟರು. ಸತ್ತವರ ಮನೆಯಲ್ಲಿ ಇನ್ನೂ ಸೂತಕ ಕಳೆದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಶೋ ನಡೆಸುತ್ತಿರುವವರಿಗೆ ಅಷ್ಟು ತಾಳ್ಮೆ ಇರಬೇಕಿತ್ತು. ನೋಡುವವರು ಸಿಟ್ಟಾಗಿ ಬೈದಿದ್ದರೆ, ಚಾನೆಲ್ ಬದಲಿಸಿದ್ದರೆ, ಅದು ಅವರ ಹಕ್ಕು. ನಾನೂ ಅವತ್ತು ಟಿವಿ ಆರಿಸಿ ಮಲಗಿದ್ದೆ.

ಬುಧವಾರ ನಡೆದದ್ದು ಬೇರೆ ವಿಷಯ. ಎಫ್‌ಸಿಸಿ ಎಂಬ ಸರ್ಕಾರಿ ಆಯೋಗವಿದೆ. ರೇಡಿಯೋ, ಟಿವಿಗಳಿಗೆ ತರಂಗಾಂತರದ ಲೈಸೆನ್ಸ್ ಕೊಡುವುದು ಅದರ ಕೆಲಸ. ಅದರ ಅಧ್ಯಕ್ಷ ಬ್ರೆಂಡನ್ ಕಾರ್ ಒಂದು ಪಾಡ್‌ಕಾಸ್ಟಿನಲ್ಲಿ ಕೂತು, ಇದನ್ನು ಸುಲಭದ ದಾರಿಯಲ್ಲೂ ಮಾಡಬಹುದು, ಕಷ್ಟದ ದಾರಿಯಲ್ಲೂ ಮಾಡಬಹುದು ಎಂದರು. ಕಂಪನಿಗಳು ತಾವಾಗಿ ಕ್ರಮ ತೆಗೆದುಕೊಳ್ಳಲಿ, ಇಲ್ಲದಿದ್ದರೆ ಎಫ್‌ಸಿಸಿಗೆ ಕೆಲಸವಿದೆ ಎಂದರು. ಸಂಜೆಯೊಳಗೆ ಶೋ ನಿಂತಿತು.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಾಲದ ದೂರದರ್ಶನದ ಹಾಗೆ ಇಲ್ಲಿ ಒಂದು ಕಡೆಯಿಂದ ಇಡೀ ದೇಶಕ್ಕೆ ಟಿವಿ ಬರುವುದಿಲ್ಲ. ಎಬಿಸಿ ಕಾರ್ಯಕ್ರಮ ಮಾಡುತ್ತದೆ. ಊರೂರಿನ ಸ್ಥಳೀಯ ಕೇಂದ್ರಗಳು ಅದನ್ನು ಪ್ರಸಾರ ಮಾಡುತ್ತವೆ. ಲೈಸೆನ್ಸ್ ಇರುವುದು ಈ ಕೇಂದ್ರಗಳಿಗೆ. ಅವುಗಳಲ್ಲಿ ಬಹಳಷ್ಟು ಕೇಂದ್ರಗಳು ಕೆಲವೇ ದೊಡ್ಡ ಕಂಪನಿಗಳ ಕೈಯಲ್ಲಿವೆ. ಅಂಥ ಒಂದು ಕಂಪನಿ ನೆಕ್ಸ್‌ಸ್ಟಾರ್, ಇನ್ನೊಂದು ಸಿಂಕ್ಲೇರ್. ನೆಕ್ಸ್‌ಸ್ಟಾರ್ ಆ ಹೊತ್ತಿಗೆ ಟೆಗ್ನಾ ಎಂಬ ಮತ್ತೊಂದು ಕಂಪನಿಯನ್ನು 620 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತ್ತು. ಅದಕ್ಕೆ ಎಫ್‌ಸಿಸಿ ಒಪ್ಪಿಗೆ ಬೇಕಿತ್ತು. ಒಂದೇ ಕಂಪನಿ ದೇಶದ ಶೇಕಡಾ 39ಕ್ಕಿಂತ ಹೆಚ್ಚು ಮನೆಗಳನ್ನು ತಲುಪಕೂಡದು ಎಂಬ ನಿಯಮವನ್ನೂ ಸಡಿಲಿಸಬೇಕಿತ್ತು. ಒಪ್ಪಿಗೆ ಕೊಡಬೇಕಾದ ಮನುಷ್ಯ ಮಧ್ಯಾಹ್ನ ಪಾಡ್‌ಕಾಸ್ಟಿನಲ್ಲಿ ಮಾತಾಡುತ್ತಾನೆ. ಸಂಜೆ ಅರ್ಜಿದಾರ ಕಂಪನಿ, ಕಿಮ್ಮೆಲ್ ಶೋವನ್ನು ನಮ್ಮ ಕೇಂದ್ರಗಳಲ್ಲಿ ಹಾಕುವುದಿಲ್ಲ ಎನ್ನುತ್ತದೆ. ಸ್ವಲ್ಪ ಹೊತ್ತಿಗೆ ಎಬಿಸಿ ಶೋವನ್ನೇ ಅನಿರ್ದಿಷ್ಟ ಕಾಲ ನಿಲ್ಲಿಸುತ್ತದೆ. ಯಾರೂ ಲಿಖಿತ ಆದೇಶ ಕೊಡಲಿಲ್ಲ. ಕೋರ್ಟಿನಲ್ಲಿ ಪ್ರಶ್ನಿಸೋಣ ಎಂದರೆ ಕೈಯಲ್ಲಿ ಹಿಡಿಯಲು ಒಂದು ಹಾಳೆಯೂ ಇಲ್ಲ. (ನನ್ನ ತಂಗಿಯ ಮಗ ಇರುವ ಡಲ್ಲಾಸಿನ ಎಬಿಸಿ ಕೇಂದ್ರ ಆಗ ಟೆಗ್ನಾದ್ದೇ ಆಗಿತ್ತು. ವ್ಯವಹಾರ ಕುದುರಿದರೆ ಅದೂ ಇವರ ಕೈಗೆ ಎಂಬ ಸ್ಥಿತಿ.)

ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ. ಎಫ್‌ಸಿಸಿ ಹುಟ್ಟಿದ 1934ರ ಕಾಯ್ದೆಯೇ, ಪ್ರಸಾರವಾಗುವ ಮಾತಿಗೆ ಸೆನ್ಸಾರ್ ಮಾಡುವ ಅಧಿಕಾರ ಆಯೋಗಕ್ಕಿಲ್ಲ ಎನ್ನುತ್ತದೆ. 2024ರ ಮೇನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ, ಸರ್ಕಾರದ ಅಧಿಕಾರಿ ತನಗೆ ಹಿಡಿಸದ ಮಾತನ್ನು ಅಡಗಿಸಲು ಖಾಸಗಿಯವರ ಮೇಲೆ ಒತ್ತಡ ಹೇರುವಂತಿಲ್ಲ ಎಂದಿದ್ದಾರೆ. ಆ ಮೊಕದ್ದಮೆ ಹೂಡಿದ್ದು ಬಂದೂಕು ಮಾಲೀಕರ ಸಂಘ. ಅವರ ಪರವಾಗಿ ತೀರ್ಪು ಬರೆದದ್ದು ಉದಾರವಾದಿ ನ್ಯಾಯಮೂರ್ತಿ ಸೊಟೊಮಾಯರ್. ಈ ದೇಶದ ಮೇಲೆ ನನಗೆ ಇನ್ನೂ ಪ್ರೀತಿ ಉಳಿದಿರುವುದು ಇಂಥವುಗಳಿಂದ.

ಈಗ ಅಪ್ಪನ ವಿಷಯ.

ಅಪ್ಪ ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಪ್ರೂಫ್ ರೀಡರ್. ನಮ್ಮ ಮನೆ ಚಾಮರಾಜಪೇಟೆಯಲ್ಲಿ. ಅಚ್ಚುಮೊಳೆ ಜೋಡಿಸುವ ಕಾಲ ಅದು. ಅಪ್ಪನ ಅಂಗಿಯ ತೋಳಿಗೆ ಯಾವಾಗಲೂ ಮಸಿ, ಅಮ್ಮ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ದೆಹಲಿಯಲ್ಲಿ ಪತ್ರಿಕಾ ಕಚೇರಿಗಳಿಗೆ ಕರೆಂಟು ತೆಗೆದರು. ಮರುದಿನ ಬೆಂಗಳೂರಿನಲ್ಲೇ ಶಾಸಕರ ಭವನದಲ್ಲಿ ಉಳಿದುಕೊಂಡಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಈಗಿನವರಿಗೆ ಅದು ಫ್ರೀಡಂ ಪಾರ್ಕ್.

ಅಂದಿನಿಂದ ಅಪ್ಪ ಮನೆಗೆ ಬರುವುದು ತಡವಾಗತೊಡಗಿತು. ಪ್ರೂಫ್ ತಿದ್ದಿದ ಮೇಲೆ ಅದನ್ನು ಸೆನ್ಸಾರ್ ಅಧಿಕಾರಿಗೆ ತೋರಿಸಿ, ಅವರು ಗೀಟು ಹಾಕಿ ಕೊಟ್ಟ ಮೇಲೆಯೇ ಅಚ್ಚಿಗೆ. ಮೊದಲ ವಾರಗಳಲ್ಲಿ ಹಾಳೆಗಳು ಗೀಟುಗಳ ಜಾತ್ರೆಯಾಗಿ ವಾಪಸ್ ಬರುತ್ತಿದ್ದವಂತೆ. ಒಂದು ರಾತ್ರಿ ಅಂಥ ಒಂದು ಹಾಳೆಯನ್ನು ಅಪ್ಪ ಮನೆಗೆ ತಂದು ಊಟದ ಮಣೆಯ ಪಕ್ಕ ಇಟ್ಟುಕೊಂಡು ಕೂತಿದ್ದು ನೆನಪಿದೆ. ಅದು ಅಕ್ಕಿಯ ಬೆಲೆಯ ಬಗ್ಗೆ ಒಂದು ಸಣ್ಣ ಸುದ್ದಿ. ಎಡದಿಂದ ಬಲಕ್ಕೆ ಕೆಂಪು ಗೀಟು. ಅಮ್ಮ, "ಇದನ್ಯಾಕೆ ಮನೆಗೆ ತಂದ್ರಿ, ಯಾರಾದ್ರೂ ನೋಡಿದ್ರೆ?" ಎಂದು ಅದನ್ನು ಒಲೆಗೆ ಹಾಕಿದಳು. ಅಪ್ಪ ತಡೆಯಲಿಲ್ಲ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆಮೇಲೆ ನಡೆದದ್ದು. ಎರಡು ಮೂರು ತಿಂಗಳಾದ ಮೇಲೆ ಅಪ್ಪ ಮತ್ತೆ ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದರು. "ಈಗ ಗೀಟು ಬರೋದಿಲ್ಲವಾ?" ಅಂತ ಅಣ್ಣ ಕೇಳಿದ. ಅಪ್ಪ ಹೇಳಿದರು: "ಗೀಟು ಹಾಕೋವಂಥದ್ದನ್ನ ಈಗ ಯಾರೂ ಬರೆಯೋದಿಲ್ಲಪ್ಪ." ಕೈ ತೊಳೆದುಕೊಂಡು ಮಲಗಲು ಹೋದರು. ಅವರ ಮುಖ ನನಗೆ ಇವತ್ತಿಗೂ ಕಾಣುತ್ತದೆ.

ಆ ದಿನಗಳಲ್ಲಿ ಕಲಾವಿದರಿಗೂ ಬಿಸಿ ತಟ್ಟಿತು. ಅಣ್ಣನಿಗೆ ಕಿಶೋರ್ ಕುಮಾರ್ ಎಂದರೆ ಪ್ರಾಣ. ಸರ್ಕಾರದ ಪ್ರಚಾರಕ್ಕೆ ಹಾಡಲು ಒಪ್ಪಲಿಲ್ಲ ಎಂದು 1976ರ ಮೇ ತಿಂಗಳಿಂದ ಆಕಾಶವಾಣಿಯಲ್ಲಿ ಕಿಶೋರ್ ದನಿಯೇ ನಿಂತುಹೋಯಿತು. ರೇಡಿಯೋ ಕೆಟ್ಟಿದೆಯೇನೋ ಎಂಬಂತೆ ಅಣ್ಣ ಮುಳ್ಳು ತಿರುಗಿಸುತ್ತ ಕೂರುತ್ತಿದ್ದ. ನಮ್ಮ ನಟಿ ಸ್ನೇಹಲತಾ ರೆಡ್ಡಿಯವರನ್ನು ಅದೇ ಬೆಂಗಳೂರು ಜೈಲಿನಲ್ಲಿ ಇಟ್ಟರು. ಆಸ್ತಮಾ ಇದ್ದ ಹೆಂಗಸು. 1977ರ ಜನವರಿಯಲ್ಲಿ ಪರೋಲಿನ ಮೇಲೆ ಬಿಟ್ಟರು. ಹೊರಗೆ ಬಂದು ಒಂದು ವಾರವೂ ಬದುಕಲಿಲ್ಲ. ನಟನಟಿಯರ ವಿಷಯ ಸಿನಿಮಾ ಪುಟದ ಹರಟೆ ಎನ್ನುವ ನನ್ನ ಗೆಳತಿಯರು ಸ್ನೇಹಲತಾ ಅವರನ್ನು ಒಮ್ಮೆ ನೆನೆಯಲಿ ಎಂದು ಕೇಳಿಕೊಳ್ಳುತ್ತೇನೆ.

ಅಮೆರಿಕದಲ್ಲಿ ಈಗ ತುರ್ತುಪರಿಸ್ಥಿತಿ ಇದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಜೈಲಿನಲ್ಲಿ ಕೊಳೆತವರಿಗೆ ಅವಮಾನ. ಇಲ್ಲಿ ಕೋರ್ಟುಗಳಿವೆ, ಕಿಮ್ಮೆಲ್ ಆರು ದಿನಕ್ಕೆ ವಾಪಸ್ ಬಂದರು, ನಾನು ಕೂತು ಇದನ್ನು ಬರೆಯುತ್ತಿದ್ದೇನೆ. ನಾನು ಹೇಳುತ್ತಿರುವುದು ಆ ಎರಡನೇ ಹಂತದ ಬಗ್ಗೆ, ಗೀಟು ಹಾಕುವ ಅಗತ್ಯವೇ ಬೀಳದ ಹಂತದ ಬಗ್ಗೆ. ತುರ್ತುಪರಿಸ್ಥಿತಿ ಮುಗಿದ ಮೇಲೆ ಆಡ್ವಾಣಿಯವರು ಪತ್ರಕರ್ತರಿಗೆ ಹೇಳಿದ ಮಾತು ನಮ್ಮ ತಲೆಮಾರಿನ ಎಲ್ಲರಿಗೂ ಬಾಯಿಪಾಠ: ನಿಮಗೆ ಬಗ್ಗಿ ಎಂದಷ್ಟೇ ಹೇಳಿದ್ದರು, ನೀವು ತೆವಳಿದಿರಿ. ಅವರ ಉಳಿದ ರಾಜಕೀಯದ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ಈ ಮಾತಿಗೆ ಎದುರಾಡಲಾರೆ.

ಇಲ್ಲಿಯ ದೊಡ್ಡ ಕಂಪನಿಗಳು ತೆವಳಲು ಶುರು ಮಾಡಿದ್ದು ಇದಕ್ಕೂ ಮುಂಚೆಯೇ. 2024ರ ಡಿಸೆಂಬರಿನಲ್ಲಿ ಎಬಿಸಿ, ಟ್ರಂಪ್ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ ವಾದ ಮಾಡದೆ 1.5 ಕೋಟಿ ಡಾಲರ್ ಕೊಡಲು ಒಪ್ಪಿತು. 2025ರ ಜುಲೈನಲ್ಲಿ ಇನ್ನೊಂದು ವಾಹಿನಿ ಸಿಬಿಎಸ್‌ನ ಒಡೆಯರಾದ ಪ್ಯಾರಾಮೌಂಟ್ ಇನ್ನೊಂದು ಮೊಕದ್ದಮೆಯಲ್ಲಿ 1.6 ಕೋಟಿ. ಇದು ಲಂಚವಲ್ಲದೆ ಇನ್ನೇನು ಎಂದು ಸಿಬಿಎಸ್‌ನ ತಡರಾತ್ರಿ ಶೋ ನಡೆಸುತ್ತಿದ್ದ ಸ್ಟೀಫನ್ ಕೋಲ್ಬೇರ್ ಜುಲೈ 14ರಂದು ತಮ್ಮ ವೇದಿಕೆಯಿಂದಲೇ ಕೇಳಿದರು. 17ಕ್ಕೆ, 2026ರ ಮೇ ತಿಂಗಳಲ್ಲಿ ಆ ಶೋವನ್ನೇ ಮುಚ್ಚುತ್ತೇವೆ ಎಂಬ ಪ್ರಕಟಣೆ ಬಂತು. 24ಕ್ಕೆ ಪ್ಯಾರಾಮೌಂಟ್ ಮಾರಾಟಕ್ಕೆ ಎಫ್‌ಸಿಸಿ ಒಪ್ಪಿಗೆ ಕೊಟ್ಟಿತು. ಬರೀ ಹಣಕಾಸಿನ ಕಾರಣ ಎಂದಿತು ಕಂಪನಿ. ತಡರಾತ್ರಿ ಶೋಗಳಿಗೆ ಈಗ ಮೊದಲಿನಷ್ಟು ಜಾಹೀರಾತು ಬರುವುದಿಲ್ಲ, ನಷ್ಟ ಆಗುತ್ತಿತ್ತು ಎಂಬುದು ನಿಜವೇ ಇರಬಹುದು. ನನ್ನ ಮಗನೂ ಮರುದಿನ ಯೂಟ್ಯೂಬಿನಲ್ಲಿ ಐದು ನಿಮಿಷದ ತುಣುಕು ನೋಡುವವನೇ. ಆದರೆ ಆ ಮೂರು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಪ್ರೂಫ್ ರೀಡರ್ ಮಗಳಿಗೆ ಸುಮ್ಮನಿರಲು ಆಗುವುದಿಲ್ಲ.

ಕನ್ನಡ ಕೂಟದ ಹಿರಿಯರೊಬ್ಬರು ಇದೇ ವಿಷಯಕ್ಕೆ ನನ್ನನ್ನು ತರಾಟೆಗೆ ತೆಗೆದುಕೊಂಡರು. "ಬೈಡನ್ ಕಾಲದಲ್ಲಿ ಸರ್ಕಾರ ಫೇಸ್‌ಬುಕ್‌ನವರ ಮೇಲೆ ಒತ್ತಡ ಹಾಕಿ ಕೋವಿಡ್ ಪೋಸ್ಟ್ ತೆಗೆಸಿತಲ್ಲಮ್ಮ, ಜುಕರ್‌ಬರ್ಗೇ ಪತ್ರ ಬರೆದು ಒಪ್ಪಿಕೊಂಡಿದ್ದಾನೆ. ಆಗ ಎಲ್ಲಿದ್ರಿ?" ಅಂದರು. ಅವರು ಹೇಳಿದ್ದು ಸರಿ. 2024ರ ಆಗಸ್ಟಿನ ಆ ಪತ್ರವನ್ನು ನಾನೂ ಓದಿದ್ದೆ. ಆಗ ನಾನು ಸುಮ್ಮನಿದ್ದೆ, ಯಾಕೆಂದರೆ ತೆಗೆಸಿದ್ದು ನನಗೆ ಹಿಡಿಸದ ಪೋಸ್ಟುಗಳನ್ನು. ಅದು ತಪ್ಪು. ಅವತ್ತು ಮಾತಾಡಿದ್ದರೆ ಇವತ್ತು ಅವರ ಮುಂದೆ ನನ್ನ ಮಾತಿಗೆ ಇನ್ನಷ್ಟು ತೂಕ ಇರುತ್ತಿತ್ತು. ಅವರಿಗೂ ಇದನ್ನೇ ಹೇಳಿದೆ.

ಟೆಕ್ಸಾಸಿನ ಸೆನೆಟರ್ ಟೆಡ್ ಕ್ರೂಜ್ ಅವರ ಬಗ್ಗೆ ಒಳ್ಳೆಯದು ಬರೆಯುತ್ತೇನೆಂದು ನಾನು ಎಣಿಸಿರಲಿಲ್ಲ. ಕಿಮ್ಮೆಲ್ ಹೋದದ್ದು ತನಗೆ ಸಂತೋಷ ಎಂದೇ ಶುರು ಮಾಡಿದ ಅವರು, ಆದರೂ ಕಾರ್ ಆಡಿದ್ದು ಮಾಫಿಯಾದವರ ಮಾತು, ಮಹಾ ಅಪಾಯಕಾರಿ, ನಾಳೆ ಇನ್ನೊಂದು ಪಕ್ಷ ಬಂದಾಗ ಇದೇ ಕತ್ತಿ ನಮ್ಮ ಕುತ್ತಿಗೆಗೆ ಬರುತ್ತದೆ ಎಂಬರ್ಥದಲ್ಲಿ ಮಾತಾಡಿದರು. ಟ್ರಂಪ್ ಆಗ ವಿಮಾನದಲ್ಲಿ ಪತ್ರಕರ್ತರ ಮುಂದೆ, ನನ್ನನ್ನು ಬರೀ ಬೈಯುವ ವಾಹಿನಿಗಳ ಲೈಸೆನ್ಸ್ ಕಿತ್ತುಕೊಂಡರೆ ಹೇಗೆ ಎನ್ನುತ್ತಿದ್ದ ಸಮಯ. ಸ್ವಂತ ಪಕ್ಷದ ಅಧ್ಯಕ್ಷನಿಗೆ ಎದುರಾಗಿ ಅಷ್ಟು ಹೇಳಲೂ ಧೈರ್ಯ ಬೇಕು.

ಶುಕ್ರವಾರ, 19ನೇ ತಾರೀಖು ಸಂಜೆ, ಈ ಸುದ್ದಿಯನ್ನೆಲ್ಲ ನಮ್ಮ ಮನೆಯಲ್ಲಿ ಎಲ್ಲರೂ ಮರೆತುಬಿಟ್ಟೆವು. ಎಚ್‌-1ಬಿ ವೀಸಾಕ್ಕೆ ಇನ್ನು ಒಂದು ಲಕ್ಷ ಡಾಲರ್ ಶುಲ್ಕ ಎಂದು ಟ್ರಂಪ್ ಸಹಿ ಹಾಕಿದರು. ಜಾರಿ ಶನಿವಾರ ಮಧ್ಯರಾತ್ರಿ ಹನ್ನೆರಡು ದಾಟಿ ಭಾನುವಾರ ಬರುತ್ತಲೇ. ತಂಗಿಯ ಮಗನ ಹೆಂಡತಿ, ಅವಳೂ ಎಚ್‌-1ಬಿ, ಆಗ ಮೈಸೂರಿನಲ್ಲಿದ್ದಳು. ಅವಳ ತಂದೆಗೆ ಮಂಡಿ ಆಪರೇಷನ್ ಆಗಿತ್ತು. ಹೊರದೇಶದಲ್ಲಿರುವವರು ಅಷ್ಟರೊಳಗೆ ವಾಪಸ್ ಬನ್ನಿ ಎಂದು ಅವಳ ಕಂಪನಿಯ ಇ-ಮೇಲ್. ಮೈಸೂರಿನಿಂದ ದೇವನಹಳ್ಳಿ ವಿಮಾನ ನಿಲ್ದಾಣ, ಅಲ್ಲಿಂದ ಅಮೆರಿಕ. ಅಷ್ಟು ಗಂಟೆಯಲ್ಲಿ ಗರುಡ ಪಕ್ಷಿಗೂ ಆಗದು. ಆದರೂ ಹುಡುಗಿ ಹೊರಟಳು. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ. ಒಂದೂವರೆ ಲಕ್ಷ ರೂಪಾಯಿ ಕೊಟ್ಟು ಸಿಕ್ಕಿದ ಟಿಕೆಟ್ ತೆಗೆದುಕೊಂಡು, ಕಾಲು ಕಟ್ಟಿಕೊಂಡು ಮಲಗಿದ್ದ ತಂದೆಗೆ ಸರಿಯಾಗಿ ಹೇಳದೆ ಕೂಡ. ನಿಲ್ದಾಣದ ಸಾಲಿನಲ್ಲಿ ನಿಂತಿದ್ದಾಗ ಗಂಡನ ಫೋನ್: ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರವಂತೆ, ಈಗಾಗಲೇ ವೀಸಾ ಇದ್ದವರಿಗೆ ಇಲ್ಲವಂತೆ, ಶ್ವೇತಭವನ ಈಗ ಹೇಳಿದೆ. ಅವಳು ಅಲ್ಲೇ ಸೂಟ್‌ಕೇಸಿನ ಮೇಲೆ ಕೂತು ಅತ್ತಳಂತೆ.

ಅವಳ ಗಂಡ ಈ ದೇಶಕ್ಕೆ ಬಂದು ಹನ್ನೊಂದು ವರ್ಷ. ಗ್ರೀನ್ ಕಾರ್ಡಿಗೆ ಅವನ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ಹೆಸರು ಸೇರಿದ ತಾರೀಖು, 2016ರದ್ದು. ಒಂದೊಂದು ದೇಶದವರಿಗೆ ವರ್ಷಕ್ಕೆ ಶೇಕಡಾ ಏಳರ ಮಿತಿ ಇರುವುದರಿಂದ ಭಾರತದವರ ಸಾಲಿನಲ್ಲಿ ಆಗ ನಡೆಯುತ್ತಿದ್ದದ್ದು 2013ರವರ ಸರದಿ. ಮಗಳು ಇಲ್ಲಿ ಹುಟ್ಟಿದವಳು, ಎರಡನೇ ತರಗತಿ. ಮನೆ ಕೊಂಡಿದ್ದಾನೆ. ಅವನು ನನ್ನ ಪೋಸ್ಟಿಗೆ ಹೆದರಿದ್ದು ಹೇಡಿತನದಿಂದ ಎಂದು ಯಾರಾದರೂ ಅಂದರೆ ನಾನು ಸುಮ್ಮನಿರುವುದಿಲ್ಲ. ಕರ್ಕ್ ಸಾವಿನ ಮರುದಿನವೇ ವಿದೇಶಾಂಗ ಇಲಾಖೆಯ ಉಪಕಾರ್ಯದರ್ಶಿ ಲ್ಯಾಂಡೌ, ಈ ಸಾವನ್ನು ಹಗುರ ಮಾಡುವ ವಿದೇಶಿಯರ ಪೋಸ್ಟುಗಳಿದ್ದರೆ ನನ್ನ ಗಮನಕ್ಕೆ ತನ್ನಿ ಎಂದು ಸಾರ್ವಜನಿಕವಾಗಿ ಬರೆದಿದ್ದರು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದಿಡಬೇಕು. ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಟರ್ಕಿಯ ಹುಡುಗಿ ರುಮೇಸಾ ಓಜ್‌ಟರ್ಕ್ ಕಾಲೇಜು ಪತ್ರಿಕೆಗೆ ಇನ್ನು ಮೂವರೊಡನೆ ಸೇರಿ ಒಂದು ಲೇಖನ ಬರೆದಿದ್ದಳು. 2025ರ ಮಾರ್ಚ್ 25ರಂದು ಮುಖ ಮುಚ್ಚಿಕೊಂಡವರು ರಸ್ತೆಯಲ್ಲೇ ಅವಳ ಕೈ ಹಿಡಿದು ಎಳೆದುಕೊಂಡು ಹೋದ ವಿಡಿಯೋ ನೋಡದವರಿಲ್ಲ. ಆರು ವಾರ ಲೂಸಿಯಾನಾದ ಬಂಧನ ಕೇಂದ್ರದಲ್ಲಿದ್ದಳು. ನಮ್ಮ ಮನೆಯ ಹುಡುಗನೂ ಆ ವಿಡಿಯೋ ನೋಡಿದ್ದಾನೆ.

ಸೋಮವಾರ ಪಾಡ್ಯ. ಪಟ್ಟದ ಗೊಂಬೆಗಳಿಗೆ ಹೊಸ ಜರಿ ಪಂಚೆ, ಸೀರೆ ಉಡಿಸಿ ಮೆಟ್ಟಿಲ ಮೇಲೆ ಕೂರಿಸುತ್ತಿದ್ದೆ. ಮೈಸೂರಿನಲ್ಲಿ ಬಾನು ಮುಷ್ತಾಕ್ ದಸರಾ ಉದ್ಘಾಟಿಸಿದ್ದನ್ನು ಬೆಳಿಗ್ಗೆಯೇ ಫೋನಿನಲ್ಲಿ ನೋಡಿದ್ದೆ. ಅವರು ಉದ್ಘಾಟಿಸಕೂಡದು ಎಂದು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದವರ ಅರ್ಜಿ ವಜಾ ಆಗಿದ್ದು ಕೂಡ ಆ ಶುಕ್ರವಾರವೇ. ಮಧ್ಯಾಹ್ನ ಟಿವಿಯಲ್ಲಿ ಸುದ್ದಿ: ಕಿಮ್ಮೆಲ್ ಮಂಗಳವಾರ ವಾಪಸ್. ಅಷ್ಟರಲ್ಲಿ ಜನ ಎಬಿಸಿಯ ಒಡೆಯರಾದ ಡಿಸ್ನಿಯ ಚಂದಾ ರದ್ದು ಮಾಡಲು ಶುರು ಮಾಡಿದ್ದರು. ಟಾಮ್ ಹ್ಯಾಂಕ್ಸ್, ಮೆರಿಲ್ ಸ್ಟ್ರೀಪ್, ಜೆನಿಫರ್ ಆನಿಸ್ಟನ್ ಸೇರಿ ನಾಲ್ಕುನೂರಕ್ಕೂ ಹೆಚ್ಚು ಕಲಾವಿದರು ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದರು. ಹಾಲಿವುಡ್ಡಿನ ಶ್ರೀಮಂತರು ಒಬ್ಬರಿಗೊಬ್ಬರು ಆಗುತ್ತಾರೆ, ಅದರಲ್ಲೇನು ದೊಡ್ಡದು ಎಂದು ಕೆಲವರು ಅಂದರು. ನನಗೆ ಅದು ದೊಡ್ಡದೇ. ಕಳೆದುಕೊಳ್ಳುವುದಕ್ಕೆ ಇದ್ದವರು, ಮುಂದಿನ ಸಿನಿಮಾ ಇದೇ ಡಿಸ್ನಿಯಿಂದ ಬರಬೇಕಾದವರು, ಹೆಸರು ಹಾಕಿ ನಿಂತರು. 1975ರಲ್ಲಿ ನಮ್ಮಲ್ಲಿ ಅಂಥ ಪಟ್ಟಿ ಎಷ್ಟು ಚಿಕ್ಕದಿತ್ತು ಎಂಬುದು ನನಗೆ ಗೊತ್ತು. ಆ ಚಿಕ್ಕ ಪಟ್ಟಿಯಲ್ಲಿ ಕನ್ನಡದ ಒಬ್ಬ ನಟಿ ಇದ್ದರು ಎಂಬುದೂ ಗೊತ್ತು.

ಮಂಗಳವಾರ ರಾತ್ರಿ ಹನ್ನೊಂದೂವರೆಗೆ ನಾನೊಬ್ಬಳೇ ಕೂತು ನೋಡಿದೆ. ಗೊಂಬೆಗಳ ದೀಪ ಇನ್ನೂ ಉರಿಯುತ್ತಿತ್ತು. ಸಿಯಾಟಲ್‌ನ ಗೆಳತಿಗೆ ಟಿವಿಯಲ್ಲಿ ಬರಲಿಲ್ಲ, ಅಲ್ಲಿಯ ಕೇಂದ್ರ ಸಿಂಕ್ಲೇರ್‌ನದು. ಅಷ್ಟೊಂದು ಊರುಗಳಲ್ಲಿ ಇನ್ನೂ ತಡೆದಿದ್ದರೂ ಅವತ್ತು 62 ಲಕ್ಷ ಜನ ಟಿವಿಯಲ್ಲಿ ನೋಡಿದರು. ಮಾಮೂಲಿ ದಿನಗಳಲ್ಲಿ ಅದು 17 ಲಕ್ಷದ ಆಸುಪಾಸು. ಒಬ್ಬ ಯುವಕನ ಕೊಲೆಯನ್ನು ಹಗುರ ಮಾಡುವ ಉದ್ದೇಶ ತನಗೆ ಯಾವತ್ತೂ ಇರಲಿಲ್ಲ ಎನ್ನುವಾಗ ಕಿಮ್ಮೆಲ್ ಗಂಟಲು ಕಟ್ಟಿತು. ಭಾನುವಾರ ಅರಿಜೋನಾದ ಶ್ರದ್ಧಾಂಜಲಿ ಸಭೆಯಲ್ಲಿ, ಗಂಡನನ್ನು ಕೊಂದವನನ್ನು ಕ್ಷಮಿಸಿದ್ದೇನೆ ಎಂದ ಎರಿಕಾ ಕರ್ಕ್ ಅವರ ಮಾತನ್ನು ನೆನೆದು ಇನ್ನಷ್ಟು ಕಟ್ಟಿತು. ಆ ಮಾತು ಕೇಳಿ ನಾನೂ ಅತ್ತಿದ್ದೆ. ಮೂವತ್ತಾರರ ಹೆಣ್ಣು ಆ ವೇದಿಕೆ ಮೇಲೆ ನಿಂತು ಅದನ್ನು ಹೇಳಿದ ಮೇಲೆ, ಅದೇ ವೇದಿಕೆಗೆ ಬಂದು ನಾನು ನನ್ನ ಎದುರಾಳಿಗಳನ್ನು ದ್ವೇಷಿಸುತ್ತೇನೆ ಎಂದ ಅಧ್ಯಕ್ಷರನ್ನು ನನ್ನಿಂದ ಒಪ್ಪಿಕೊಳ್ಳಲು ಆಗುವುದಿಲ್ಲ. ಕಿಮ್ಮೆಲ್ ತಮ್ಮ ಪರ ಮಾತಾಡಿದ ವಿರೋಧಿಗಳಿಗೆ, ಟೆಡ್ ಕ್ರೂಜ್ ಅವರಿಗೂ, ಹೆಸರು ಹಿಡಿದು ಕೃತಜ್ಞತೆ ಹೇಳಿದರು. 26ರಂದು ನೆಕ್ಸ್‌ಸ್ಟಾರ್, ಸಿಂಕ್ಲೇರ್ ಎರಡೂ ಶೋವನ್ನು ಮತ್ತೆ ಹಾಕತೊಡಗಿದವು.

ನನ್ನ ಪೋಸ್ಟ್ ಹಾಗೇ ಇದೆ. ಹುಡುಗನ ಟ್ಯಾಗ್ ಮಾತ್ರ ಅವತ್ತೇ ತೆಗೆದೆ. ತೆಗೆಯುವಾಗ ಅಮ್ಮ ಆ ಪ್ರೂಫ್ ಹಾಳೆಯನ್ನು ಒಲೆಗೆ ಹಾಕಿದ್ದು ನೆನಪಾಯಿತು. ಅಮ್ಮನ ಮೇಲೆ ಐವತ್ತು ವರ್ಷದಿಂದ ಇದ್ದ ಒಂದು ಸಣ್ಣ ಸಿಟ್ಟು ಅವತ್ತು ಹೋಯಿತು. ಆ ಮನೆಯಲ್ಲಿ ನಾವು ಮೂರು ಮಕ್ಕಳಿದ್ದೆವು, ಒಂದೇ ಸಂಬಳ.

ಆಮೇಲಿನ ವಾರ ಕಿಮ್ಮೆಲ್ ಬ್ರೂಕ್ಲಿನ್‌ಗೆ ಬಂದು ಶೋ ನಡೆಸಿದರು. ಸೆಪ್ಟೆಂಬರ್ 30ರ ರಾತ್ರಿ ಕೋಲ್ಬೇರ್ ಇವರ ಶೋಗೆ ಅತಿಥಿ, ಇವರು ಕೋಲ್ಬೇರ್ ಶೋಗೆ ಅತಿಥಿ. ನಮ್ಮವರಿದ್ದಿದ್ದರೆ ಎರಡನ್ನೂ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತಿದ್ದರು. ಮರುದಿನ ರಾತ್ರಿ ಒಂದು ಗಂಟೆಗೆ ನನ್ನ ಫೋನ್ ಮಿನುಗಿತು. ಡಲ್ಲಾಸಿನಿಂದ ವಾಟ್ಸಾಪ್. ಅವರಿಬ್ಬರೂ ಜೊತೆಗೆ ನಗುತ್ತಿರುವ ಎರಡು ನಿಮಿಷದ ತುಣುಕು, ಅದರ ಕೆಳಗೆ "ದೊಡ್ಡಪ್ಪ ಇದ್ದಿದ್ರೆ" ಎಂಬ ಎರಡು ಪದ. ನೋಡಿ ಮಲಗಿದೆ. ಬೆಳಿಗ್ಗೆ ಉತ್ತರ ಬರೆಯೋಣ ಎಂದು ಫೋನ್ ತೆಗೆದರೆ ಆ ಜಾಗದಲ್ಲಿ, ಈ ಸಂದೇಶವನ್ನು ಅಳಿಸಲಾಗಿದೆ ಎಂದಿತ್ತು.